ಎರಡೂಮುಕ್ಕಾಲು ಜಿಬಿಯ ಪಿತೃಪಕ್ಷ

ಮಳೆ ನಿಂತ ಮೇಲೆ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ನಡೆದರೆ ನನ್ನ ಮೂಗಿಗೆ ಮೊದಲು ಬಡಿಯುವುದು ಕೊತ್ತಂಬರಿಯ ವಾಸನೆಯಲ್ಲ, ಫ್ಲೆಕ್ಸಿನದು. ತಳ್ಳುಗಾಡಿಗಳ ಮೇಲೆ ಹೊದಿಸಿದ ಹಳೆಯ ಬ್ಯಾನರುಗಳು ಬೆಳಿಗ್ಗೆಯೆಲ್ಲ ಬಿಸಿಲಿಗೆ ಕಾದು, ಸಂಜೆ ನೆನೆದು, ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನ ಒಂದು ವಾಸನೆ ಬಿಡುತ್ತವೆ. ನಗರದಲ್ಲಿ ಫ್ಲೆಕ್ಸಿಗೆ ನಿರ್ಬಂಧ ಬಂದು ಎಷ್ಟೋ ಕಾಲವಾಯಿತು. ಹಳೆಯವಕ್ಕೆ ಮಾತ್ರ ಸಾವಿಲ್ಲ. ಹೋದ ವಾರ ಟೊಮೆಟೊ ಗಾಡಿಯೊಂದರ ಮೇಲೆ ಯಾರದೋ ಹುಟ್ಟುಹಬ್ಬದ ಬ್ಯಾನರ್ ತಲೆಕೆಳಗಾಗಿ ಬಿದ್ದಿತ್ತು. ನನ್ನ ಕೈ ತಾನಾಗಿ ಅದರ ನಡುಭಾಗವನ್ನು ಸವರಿತು.

"ಏನ್ ಹುಡುಕ್ತಿದೀರಾ ಮೇಡಂ?" ಎಂದ ಗಾಡಿಯವನು.

"ಜಾಯಿಂಟು," ಎಂದೆ. ಅವನು ನನ್ನನ್ನೊಮ್ಮೆ, ಬ್ಯಾನರನ್ನೊಮ್ಮೆ ನೋಡಿ ಟೊಮೆಟೊ ತೂಗಿದ.

ಬ್ಯಾನರಿನಲ್ಲಿ ಜಾಯಿಂಟು ಹುಡುಕುವ ಈ ಚಟ ನನಗೆ ಅಂಟಿದ್ದು ಒಂದು ಪಿತೃಪಕ್ಷದಲ್ಲಿ. ಆಗ ನಾನು ಡಿಪ್ಲೊಮಾ ಮುಗಿಸಿ ಗೋವಿಂದರಾಜನಗರದ ಒಂದು ಅಂಗಡಿಯಲ್ಲಿ ಡಿಸೈನರ್ ಆಗಿದ್ದೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಫ್ಲೆಕ್ಸ್ ಎಲ್ಲ ಮಾಡುತ್ತಿದ್ದೆವು. ಮುದ್ರಣ ನಡೆಯುತ್ತಿದ್ದದ್ದು ಕಾಮಾಕ್ಷಿಪಾಳ್ಯದ ಪ್ರೆಸ್ಸಿನಲ್ಲಿ. ನಮ್ಮಲ್ಲಿದ್ದದ್ದು ಒಂದು ಕಂಪ್ಯೂಟರ್, ಎರಡು ಪ್ಲಾಸ್ಟಿಕ್ ಕುರ್ಚಿ ಮತ್ತು ಮಾಲೀಕ ಶಂಕರಣ್ಣ. ಶಂಕರಣ್ಣ ಒಳ್ಳೆಯ ಮನುಷ್ಯ. ಆದರೆ ರಾಹುಕಾಲ ನೋಡದೆ ಪ್ರಿಂಟರಿಗೆ ಟೋನರ್ ಕೂಡ ತುಂಬುತ್ತಿರಲಿಲ್ಲ.

ಗಣೇಶನ ಹಬ್ಬದ ಫ್ಲೆಕ್ಸುಗಳ ಗಲಾಟೆ ಮುಗಿದು ಪಿತೃಪಕ್ಷ ಶುರುವಾದರೆ ನಮ್ಮಂಥ ಅಂಗಡಿಗಳಲ್ಲಿ ನೊಣ ಹೊಡೆಯುವುದೇ ಕೆಲಸ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಅಂಗಡಿ ತೆರೆಯುವವರಿಲ್ಲ. ಮಧ್ಯಾಹ್ನದವರೆಗೆ ಸೆಕೆ, ಮೂರು ಗಂಟೆಯ ನಂತರ ಮೋಡ, ಆಮೇಲೆ ಮಾಗಡಿ ರಸ್ತೆಯ ಬಸ್ಸುಗಳೇ ತೇಲುವಂಥ ಮಳೆ, ಮಳೆಯ ಜೊತೆಗೆ ಕರೆಂಟಿನ ಕಣ್ಣಾಮುಚ್ಚಾಲೆ. ಅಂಥ ಒಂದು ಮಧ್ಯಾಹ್ನ ಗಂಗಣ್ಣ ಎಂಬ ಹಿರಿಯರು ಪ್ಲಾಸ್ಟಿಕ್ ಕವರಿನ ತುಂಬ ಫೋಟೋ ಹಿಡಿದು ಒಳಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್, ಕಾಲಲ್ಲಿ ದುಬಾರಿ ಬೂಟು. ಕುರುಬರಹಳ್ಳಿ ಕಡೆಯ ಹಳೆಯ ಒಕ್ಕಲು ಮನೆತನದವರು. ಹೊಲಗಳು ಸೈಟುಗಳಾದ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿದವರು.

"ನಮ್ಮ ವಂಶದೋರೆಲ್ಲ ಒಂದೇ ಪಟದಲ್ಲಿ ಬರ್ಬೇಕು ಕಣಮ್ಮ," ಎಂದರು ನನಗೆ. "ಮುತ್ತಾತನಿಂದ ಹಿಡ್ದು ಈಗ ಹುಟ್ಟಿರೋ ಕೂಸಿನ ತನಕ. ಒಬ್ರೂ ಬಿಡಂಗಿಲ್ಲ. ಮಹಾಲಯ ಅಮಾವಾಸ್ಯೆಗೆ ಬೇಕು."

ಮಹಾಲಯವೆಂದರೆ ಅವರ ಮನೆಯಲ್ಲಿ ಹಿರಿಯರ ಹಬ್ಬ. ಸತ್ತವರ ಪಟದ ಮುಂದೆ ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾಗಿದ್ದುದನ್ನು ಬಡಿಸಿ ಎಡೆ ಇಡುತ್ತಾರೆ. ಗಂಗಣ್ಣನಿಗೂ ತಮ್ಮ ಮರಿಯಪ್ಪನಿಗೂ ಆಸ್ತಿ ಪಾಲಾದ ಮೇಲೆ ಮಾತು ನಿಂತಿತ್ತು. ಅಕ್ಕಪಕ್ಕದ ಮನೆ, ನಡುವೆ ಒಂದು ಕಾಂಪೌಂಡು. ಅಪ್ಪ ಅಮ್ಮನಿಗೆ ಗೋಡೆಯ ಆಚೆ ಒಂದು ಎಡೆ, ಈಚೆ ಒಂದು ಎಡೆ. ಈ ಸಲ ಒಂದೇ ಕಡೆ ಎಡೆ ಇಡೋಣವೆಂದು ಗಂಗಣ್ಣ ಸೊಸೆಯ ಮೂಲಕ ಹೇಳಿಕಳಿಸಿದ್ದರು. ಮರಿಯಪ್ಪ ಬರುವುದಿಲ್ಲ ಎಂದಿರಲಿಲ್ಲ. ತನ್ನ ಕಡೆಯವರ ಫೋಟೋಗಳನ್ನು ಕೊಟ್ಟು, ಜೊತೆಗೆ ಒಂದು ಕುಟುಕನ್ನೂ ಸೇರಿಸಿದ್ದರಂತೆ: "ಅವನು ಎರಡು ತುಂಡು ಮಾಡ್ಸಿ ಅಂಟ್ಸೇ ಅಂಟಿಸ್ತಾನೆ, ಬರ್ದಿಟ್ಕೊಳ್ಳಿ. ಹಂಗೇನಾದ್ರೂ ಆದ್ರೆ ನಾನು ಗೇಟೊಳಗೆ ಕಾಲಿಡಲ್ಲ."

"ಅದ್ಕೇ ಹೇಳ್ತಿರೋದು," ಎಂದರು ಗಂಗಣ್ಣ. "ಜಾಯಿಂಟ್ ಇರ್ಬಾರ್ದು. ಒಂದೇ ಬಟ್ಟೆ."

ಶಂಕರಣ್ಣ ಧಾರಾಳವಾಗಿ ತಲೆಯಾಡಿಸಿದರು. ತಲೆಯಾಡಿಸಲು ರ‍್ಯಾಮ್ ಬೇಕಾಗುವುದಿಲ್ಲವಲ್ಲ.

ರಸ್ತೆಯ ಬ್ಯಾನರನ್ನು ಜನ ದೂರದಿಂದ ನೋಡುತ್ತಾರೆ. ಚಿತ್ರ ಒರಟಾಗಿದ್ದರೂ ನಡೆಯುತ್ತದೆ, ಕಂಪ್ಯೂಟರಿಗೂ ಹಗುರ. ಇದು ಹಾಗಲ್ಲ. ಜನ ಹತ್ತಿರ ಬಂದು, ಮೂಗು ತಗುಲಿಸಿ, ತಮ್ಮ ಮುಖ ಹುಡುಕುವ ಪಟ. ಪ್ರತಿಯೊಂದು ಮುಖವೂ ಸ್ಪಷ್ಟವಾಗಿರಬೇಕು. ಅರ್ಧ ವಂಶವೃಕ್ಷ ಬೆಳೆಯುವಷ್ಟರಲ್ಲಿ ನಮ್ಮ ಮೆಷಿನ್ ನಿಂತಿತು. ಮೆಮೊರಿ ಸಾಲದು ಎಂಬ ಸಂದೇಶ. ಮುಚ್ಚಿ ತೆರೆದರೂ ಅದೇ. ಕಡೆಗೆ ನಾನು ನಮ್ಮ ಕಸುಬಿನವರೆಲ್ಲ ಮಾಡುವುದನ್ನೇ ಮಾಡಿದೆ. ಎಡಭಾಗ ಒಂದು ಫೈಲು, ಬಲಭಾಗ ಒಂದು ಫೈಲು. ಪ್ರೆಸ್ಸಿನಲ್ಲಿ ಎರಡನ್ನೂ ಬಿಸಿ ಮಾಡಿ ಅಂಟಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಗೊತ್ತಾಗಬೇಕಾದವರಿಗೇ ಗೊತ್ತಾಯಿತು. ಮಾರನೇ ದಿನ ಗಂಗಣ್ಣನದೇ ಮೂಗು, ಗಂಗಣ್ಣನದೇ ಹುಬ್ಬು ಹೊತ್ತ ಇನ್ನೊಬ್ಬರು ಛತ್ರಿ ಮಡಚಿ ಒಳಗೆ ಬಂದರು. ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ.

"ನಮ್ಮ ಪಟ ಎಲ್ಲಿಗ್ ಬಂತಮ್ಮ? ತೋರ್ಸು."

ತೋರಿಸಿದೆ. ಪರದೆಯ ಮೇಲೆ ಎರಡು ಫೈಲುಗಳು ಅಕ್ಕಪಕ್ಕ, ನಡುವೆ ಬೂದು ಪಟ್ಟಿ. ಎಡಕ್ಕೆ ಗಂಗಣ್ಣನ ಕೊಂಬೆ, ಬಲಕ್ಕೆ ಮರಿಯಪ್ಪನದು. ಮರಿಯಪ್ಪ ಕನ್ನಡಕ ಮೇಲೇರಿಸಿ ಆ ಬೂದು ಪಟ್ಟಿಯನ್ನೇ ನೋಡಿದರು. ಆಮೇಲೆ ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

"ಇಲ್ಲೂ ಕಾಂಪೌಂಡ್ ಹಾಕ್ಸಿದಾನಾ? ಆಯ್ತು ಬಿಡು," ಎಂದು ಛತ್ರಿ ಬಿಚ್ಚಿಕೊಂಡು ಹೋದರು.

ಸಂಜೆಯೊಳಗೆ ಸುದ್ದಿ ಗಂಗಣ್ಣನಿಗೆ ಮುಟ್ಟಿತ್ತು. ಅಂಗಡಿಗೆ ಬಂದ ಅವರು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು, ಟವಲಿನಿಂದ ಮುಖ ಒರೆಸಿಕೊಂಡು, "ನನ್ಗೂ ಅವ್ನಿಗೂ ಇನ್ನೆಷ್ಟ್ ಹಬ್ಬ ಇದೆಯಮ್ಮ?" ಎಂದರು. ಆ ಕ್ಷಣದಿಂದ ಅದು ಗಿರಾಕಿಯ ಕೆಲಸವಾಗಿ ಉಳಿಯಲಿಲ್ಲ.

ದೊಡ್ಡ ಕಂಪ್ಯೂಟರ್ ತಂದರೆ ಮುಗಿಯಿತಲ್ಲ ಎಂದೆ ಶಂಕರಣ್ಣನಿಗೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು.

"ಪಿತೃಪಕ್ಷದಲ್ಲಿ ಹೊಸ ಕಂಪ್ಯೂಟರ್ರಾ? ಲತಾ, ನಿನಗೆ ತಲೆ ಸರಿಯಿದ್ಯಾ? ಪೊರಕೆ ಕೂಡ ತರಲ್ಲ ನಾನು."

ಆದರೆ ಶಾಸ್ತ್ರದ ಬೇಲಿಯಲ್ಲಿ ತೂರುವ ಸಂದು ಶಂಕರಣ್ಣನಿಗೆ ಗೊತ್ತಿತ್ತು. ರ‍್ಯಾಮ್ ಹೊಸ ವಸ್ತುವಲ್ಲ, ಹಳೆ ಮೆಷಿನ್ನಿಗೆ ಮೆಮೊರಿ ಹೆಚ್ಚಿಸುವ ಪಾರ್ಟು. ಸ್ಕೂಟರಿಗೆ ಟೈರ್ ಹಾಕಿಸಿದ ಹಾಗೆ. ಬಿಡಿಭಾಗದ ಅಂಗಡಿಯ ಇಮ್ತಿಯಾಜ್ ಬಳಿ ಹೋಗಿ ಎರಡಿದ್ದದ್ದನ್ನು ನಾಲ್ಕು ಜಿಬಿ ಮಾಡಿಸಿಕೊಂಡು ಬಂದರು. ಮೆಷಿನ್ ಆನ್ ಮಾಡಿ ನೋಡಿದರೆ ಬಳಸಲು ಸಿಗುವುದು ಮೂರೂಕಾಲು.

"ಮುಕ್ಕಾಲು ಎಲ್ಲೋಯ್ತು?" ಎಂದರು ಶಂಕರಣ್ಣ. "ಹಾಲಿಗೆ ನೀರು ಹಾಕೋದ್ ಕೇಳಿದ್ದೆ. ಇದಕ್ಕೂ ಹಾಕ್ತಾರಾ?"

ಫೋನಿನಲ್ಲಿ ಇಮ್ತಿಯಾಜ್ ಜೊತೆ ಜಗಳವಾಯಿತು. "ಸಾರ್, ನಂದು ಮಾಲು ಪಕ್ಕಾ. ಬೇಕಾದ್ರೆ ತಂದು ಇಲ್ಲೇ ಹಾಕಿ ನೋಡಿ," ಎಂದ ಅವನು. ತಂದು ಹಾಕಿ ನೋಡಿದೆವು. ಅವನ ಮೆಷಿನ್ನಿನಲ್ಲಿ ಪೂರ್ತಿ ನಾಲ್ಕು, ನಮ್ಮದರಲ್ಲಿ ಮೂರೂಕಾಲು. ಶಂಕರಣ್ಣನಿಗೆ ಈಗ ಅನುಮಾನ ಬಂದದ್ದು ತಮ್ಮ ಅಂಗಡಿಯ ವಾಸ್ತುವಿನ ಮೇಲೆ.

ನಾನು ಇಂಟರ್‌ನೆಟ್ ಕೆದಕತೊಡಗಿದೆ. ನಮ್ಮ ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸ ಮದರ್‌ಬೋರ್ಡಿನಲ್ಲೇ ನಡೆಯುತ್ತಿತ್ತು, ಅದಕ್ಕೆ ಬೇಕಾದ ಮೆಮೊರಿಯನ್ನು ಅದು ರ‍್ಯಾಮಿನಿಂದಲೇ ಕೈಗಡ ತೆಗೆದುಕೊಳ್ಳುತ್ತಿತ್ತು. ಹಾಗಾದರೆ ಸ್ವಂತ ಮೆಮೊರಿ ಇರುವ ಕಾರ್ಡ್ ಹಾಕಿದರೆ ಕೈಗಡ ತಪ್ಪುತ್ತದೆ, ನಮ್ಮ ಮುಕ್ಕಾಲು ಜಿಬಿ ವಾಪಸು ಬರುತ್ತದೆ! ನನ್ನ ಲೆಕ್ಕದಲ್ಲಿ ನಾನೇ ಖುಷಿಪಟ್ಟೆ. ಶಂಕರಣ್ಣ ತಮ್ಮ ಅಕ್ಕನ ಮಗ ಗೇಮ್ ಆಡಿ ಬಿಟ್ಟಿದ್ದ ಒಂದು ಜಿಬಿಯ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದರು. "ಹಳೇದು, ದೋಷ ಇಲ್ಲ," ಎಂದು ತಾವೇ ತೀರ್ಪು ಕೊಟ್ಟುಕೊಂಡರು.

ಕಾರ್ಡ್ ಹಾಕಿ ಆನ್ ಮಾಡಿದೆ. ಎರಡೂಮುಕ್ಕಾಲು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತಾರಲ್ಲ, ಇಲ್ಲಿ ಈರಭದ್ರ ಯಾರೆಂದೂ ಗೊತ್ತಿರಲಿಲ್ಲ. ಹೊರಗೆ ಮಳೆ ಹಿಡಿಯಿತು. ಕರೆಂಟು ಹೋಗಿ ಯುಪಿಎಸ್ ಕೀಂಯ್ ಎನ್ನತೊಡಗಿತು. ಮೆಷಿನ್ ಆಫ್ ಮಾಡಿ ಕೂತೆವು.

ಕಾರಣ ನನಗೆ ಸಿಕ್ಕಿದ್ದು ಮಾರನೇ ದಿನ, ಮೊಬೈಲಿನಲ್ಲಿ ಓದುತ್ತ ಓದುತ್ತ. ತಪ್ಪು ರ‍್ಯಾಮಿನದಲ್ಲ, ಕಾರ್ಡಿನದೂ ಅಲ್ಲ. ನಮ್ಮ ಆಪರೇಟಿಂಗ್ ಸಿಸ್ಟಮ್ ಮೂವತ್ತೆರಡು ಬಿಟ್ಟಿನದು. ಅಷ್ಟು ಹೊತ್ತಿಗೆ ಗಂಗಣ್ಣ ಬಂದು ಕೂತಿದ್ದರು. ಅವರಿಗೂ ಉತ್ತರ ಹೇಳಬೇಕಿತ್ತು.

"ತಾತ, ಒಂದು ಲೇಔಟ್ ಇದೆ ಅಂದ್ಕೊಳ್ಳಿ," ಎಂದೆ. "ಅಲ್ಲಿನ ಆಫೀಸಲ್ಲಿ ಇರೋದೇ ಇಷ್ಟು ಡೋರ್ ನಂಬರ್, ನಾಲ್ಕು ಜಿಬಿಗೆ ಆಗೋಷ್ಟು. ಒಂದೂ ಹೆಚ್ಚಿಗೆ ಇಲ್ಲ. ರ‍್ಯಾಮ್‌ಗೂ ಅದ್ರಲ್ಲೇ ಕೊಡ್ಬೇಕು, ಗ್ರಾಫಿಕ್ಸ್ ಕಾರ್ಡ್‌ಗೂ ಅದ್ರಲ್ಲೇ, ಬೇರೆ ಪಾರ್ಟುಗಳಿಗೂ ಅದ್ರಲ್ಲೇ. ಪಾರ್ಟುಗಳಿಗೆ ಮೊದ್ಲು ಕೊಟ್ಬಿಡ್ತಾರೆ. ಮಿಕ್ಕಿದ್ದು ರ‍್ಯಾಮ್‌ಗೆ."

ಗಂಗಣ್ಣ ಕಣ್ಣು ಕಿರಿದು ಮಾಡಿದರು. "ಅಂದ್ರೆ ಜಾಗ ಇದೆ, ನಂಬರ್ ಇಲ್ಲ."

"ಹೂಂ. ನಾವು ದೊಡ್ಡ ಕಾರ್ಡ್ ಹಾಕಿದ್ವಲ್ಲ, ಅದು ಇನ್ನಷ್ಟು ನಂಬರ್ ತಗೊಂಡ್ಬಿಡ್ತು."

"ನಮ್ ಹೊಲ ಲೇಔಟ್ ಆದಾಗ್ಲೂ ಇದೇ ಕಥೆ ಕಣಮ್ಮ," ಎಂದರು. "ರೋಡು, ಪಾರ್ಕು, ನೀರಿನ ಟ್ಯಾಂಕು, ಎಲ್ಲಕ್ಕೂ ಮೊದ್ಲು ನಂಬರ್ ಬಿತ್ತು. ಮೂಲೇಲಿ ನಮ್ದೇ ಜಾಗ, ನಾವೇ ಮನೆ ಕಟ್ಕೊಂಡ್ ಕೂತಿದೀವಿ. ನಂಬರ್ ಇಲ್ಲ ಅಂತ ಎಷ್ಟ್ ವರ್ಷ ಅಲೆದ್ವಿ ನಾನೂ ಮರಿಯಪ್ಪನೂ. ಪೋಸ್ಟ್‌ಮ್ಯಾನ್ ಕೂಡ ಬರ್ತಿರ್ಲಿಲ್ಲ." ತಮ್ಮನ ಹೆಸರು ಬಾಯಿಗೆ ಬಂದದ್ದು ಅವರಿಗೇ ಆಶ್ಚರ್ಯವಾಯಿತೇನೋ, ಹೆಗಲ ಟವಲ್ ಸರಿಪಡಿಸಿಕೊಂಡರು. ಆಮೇಲೆ, "ಸರಿ, ಹೆಚ್ಚು ನಂಬರ್ ಕೊಡೋ ಆಫೀಸು ಯಾವ್ದು?" ಎಂದರು.

ಅರವತ್ತನಾಲ್ಕು ಬಿಟ್ಟಿನ ಆಪರೇಟಿಂಗ್ ಸಿಸ್ಟಮ್, ಇಮ್ತಿಯಾಜನ ಮೆಷಿನ್ನಿನಲ್ಲಿ ಇದ್ದಂಥದ್ದು. ಅದರಲ್ಲಿ ನಂಬರಿಗೆ ಬರವಿಲ್ಲ. ಆದರೆ ಅದನ್ನು ಹಾಕಬೇಕೆಂದರೆ ಶಂಕರಣ್ಣನ ಎರಡು ತಕರಾರು. ಒಂದು, ಲಗ್ನಪತ್ರಿಕೆಗೆಲ್ಲ ನಾವು ಬಳಸುತ್ತಿದ್ದ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಹೊಸ ಸಿಸ್ಟಮ್ಮಿನಲ್ಲಿ ಓಡುವುದಿಲ್ಲ. ನಮ್ಮ ಹಾರ್ಡ್ ಡಿಸ್ಕಿನಲ್ಲಿ ಹಳೆಯದು ಹೊಸದು ಎರಡನ್ನೂ ಇಟ್ಟುಕೊಳ್ಳುವಷ್ಟು ಜಾಗವೂ ಇರಲಿಲ್ಲ. ಇನ್ನೊಂದು, ಮೊದಲಿನದೇ.

"ರ‍್ಯಾಮ್ ಪಾರ್ಟು ಅಂದೆ, ಕಾರ್ಡ್ ಹಳೇದು ಅಂದೆ. ಇದು ಮಾತ್ರ ಅಪ್ಪಟ ಹೊಸದು. ಬೇಡ ಯಜಮಾನ್ರೇ, ನನಗೂ ಮಕ್ಕಳು ಮರಿ ಇದಾವೆ."

ಗಂಗಣ್ಣ ಎದ್ದು ನಿಂತರು. "ಶಂಕ್ರಣ್ಣ, ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಏನ್ ಇಡ್ತೀವಿ?"

"ಎಡೆ ಇಡ್ತೀರಾ."

"ಎಡೆ ಮುಂದೆ?"

"ಬಟ್ಟೆ."

"ಹಳೇದಾ ಹೊಸದಾ?"

ಶಂಕರಣ್ಣ ಪ್ರಿಂಟರಿನ ಮೇಲಿನ ಧೂಳು ಒರೆಸತೊಡಗಿದರು.

"ನಮಗೆ ಅಂತ ತಂದ್ಕೋಬಾರ್ದು, ಒಪ್ದೆ. ಇದು ನಮಗಲ್ಲ. ನಮ್ಮಪ್ಪನಿಗೆ, ನಮ್ಮವ್ವನಿಗೆ. ಅವರ ಬಟ್ಟೆ ಜೊತೆ ಇದೂ ಒಂದು."

ಶಂಕರಣ್ಣನ ಸೋತ ಮುಖದಲ್ಲಿ ಸಮಾಧಾನವೂ ಇತ್ತು. ಶಾಸ್ತ್ರ ಮೀರಲು ಶಾಸ್ತ್ರದಿಂದಲೇ ಅಪ್ಪಣೆ ಸಿಕ್ಕಿತ್ತು. ಹಬ್ಬ ಮುಗಿದ ಮೇಲೆ ಹಳೆಯದನ್ನೇ ಮತ್ತೆ ಹಾಕಿಕೊಳ್ಳುವ ಷರತ್ತಿನ ಮೇಲೆ ಒಪ್ಪಿದರು.

ಹಳೆಯ ಸಿಸ್ಟಮ್ ಅಳಿಸುವ ಮೊದಲು ಹೆಸರುಗಳನ್ನೆಲ್ಲ ಟೈಪ್ ಮಾಡಿ, ಅಕ್ಷರಗಳನ್ನು ಗೆರೆಗಳಾಗಿ ಬದಲಿಸಬೇಕಿತ್ತು. ಹಾಗೆ ಮಾಡಿದರೆ ಎಲ್ಲಿ ತೆರೆದರೂ ಅವು ಹಾಗೇ ಇರುತ್ತವೆ, ಆದರೆ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ಹಾಗಾಗಿ ನಾನು ಒಂದೊಂದೇ ಹೆಸರು ಓದಿದೆ. ಗಂಗಣ್ಣ ಕಣ್ಣು ಮುಚ್ಚಿ ಕೇಳಿದರು. ಹೂಂ, ಹೂಂ, ಅದು 'ಳ' ಅಲ್ಲ 'ಲ', ಹೂಂ. ಮರಿಯಪ್ಪನ ಕೊಂಬೆಯ ತುದಿಯಲ್ಲಿ ಒಂದು ಹಸುಗೂಸಿನ ಫೋಟೋ ಇತ್ತು, ಹೆಸರಿರಲಿಲ್ಲ.

"ಇದು ಮರಿಯಪ್ಪನ ಮೊಮ್ಮಗು. ಹೆಸ್ರು ನನ್ಗೂ ಗೊತ್ತಿಲ್ಲ," ಎಂದರು. ಸೊಸೆಗೆ ಫೋನ್ ಮಾಡಿದರು, ಅವಳು ಎತ್ತಲಿಲ್ಲ. ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಇನ್ನೊಂದು ನಂಬರನ್ನು ಒಂದೊಂದೇ ಅಂಕಿ ಒತ್ತಿ ಹಾಕಿದರು, ಎಲ್ಲೂ ನೋಡಿಕೊಳ್ಳದೆ.

"ನಾನು," ಎಂದರು. "ಮಗೂಗೆ ಹೆಸ್ರಿಟ್ರಾ?"

ಕಿವಿ ಮಂದವಾದ್ದರಿಂದ ಅವರ ಫೋನಿನ ದನಿ ಅಂಗಡಿಗೆಲ್ಲ ಕೇಳುತ್ತಿತ್ತು. "ಪಿತೃಪಕ್ಷದಲ್ಲಿ ಯಾರಾದ್ರೂ ಹೆಸ್ರಿಡ್ತಾರಾ?" ಎಂದಿತು ಮರಿಯಪ್ಪನ ಧ್ವನಿ.

"ಅದೂ ಸರಿ. ಪಟದಲ್ಲಿ ಏನಂತ ಹಾಕ್ಸ್ಲಿ?"

"ಕೂಸು ಅಂತ ಹಾಕ್ಸು," ಎಂದು ಫೋನ್ ಕಟ್ಟಾಯಿತು.

"ಕೂಸು ಅಂತ ಹಾಕಮ್ಮ," ಎಂದರು ಗಂಗಣ್ಣ. ಟವಲಿನಿಂದ ಮುಖ ಒರೆಸಿಕೊಂಡರು. ಅವತ್ತು ಸೆಕೆಯೇನೂ ಇರಲಿಲ್ಲ.

ಹೊಸ ಸಿಸ್ಟಮ್ ಹಾಕಿದೆ. ಡಿಸೈನ್ ತಂತ್ರಾಂಶವನ್ನೂ ಅದಕ್ಕೆ ಹೊಂದುವಂಥದ್ದನ್ನೇ ಹಾಕಿದೆ. ತೆರೆದು ನೋಡಿದರೆ ನಾಲ್ಕು ಜಿಬಿ ಎಂದು ಬರೆದು, ಪಕ್ಕದ ಕಂಸದಲ್ಲಿ ಬಳಸಲು ಸಿಗುವುದು ಮತ್ತದೇ ಎರಡೂಮುಕ್ಕಾಲು! ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅಮಾವಾಸ್ಯೆ ಹತ್ತಿರ ಬಂದಿತ್ತು. ಶಂಕರಣ್ಣ ಜಗಳವಾಡಿದ್ದ ಇಮ್ತಿಯಾಜನಿಗೇ ಫೋನ್ ಮಾಡಿದೆ.

"ಮೇಡಂ, ಹೊಸ ಓಎಸ್ ಒಂದೇ ಹಾಕಿದ್ರೆ ಸಾಲಲ್ಲ, ಬೋರ್ಡ್‌ಗೂ ಹೇಳ್ಬೇಕು. ಆನ್ ಮಾಡೋವಾಗ ನೀಲಿ ಸ್ಕ್ರೀನ್ ಬರುತ್ತಲ್ಲ, ಅದ್ರೊಳಗೆ ಹೋಗಿ. ಮೆಮೊರಿ ರೀಮ್ಯಾಪ್ ಅಂತ ಇರುತ್ತೆ, ಆನ್ ಮಾಡಿ," ಎಂದ. ಪಾರ್ಟುಗಳು ಹಿಡಿದುಕೊಂಡ ನಂಬರುಗಳ ಹಿಂದೆ ಸಿಕ್ಕಿಕೊಂಡ ರ‍್ಯಾಮಿಗೆ ನಾಲ್ಕರ ಆಚೆ ಹೊಸ ನಂಬರ್ ಕೊಡುವ ಏರ್ಪಾಡು ಅದು. ಮಾಡಿದೆ. ಕಂಸ ಮಾಯವಾಯಿತು, ನಾಲ್ಕೂ ಬಂತು.

"ತೂಕ ಸರಿ ಇದ್ಯಾ ಅಂತ ನಿಮ್ ಸಾರ್‌ನ ಕೇಳಿ ಸ್ವಲ್ಪ," ಎಂದ ಇಮ್ತಿಯಾಜ್. ಶಂಕರಣ್ಣ ಫೋನ್ ಇಸಿದುಕೊಂಡು, "ಟೀ ಕುಡಿಯೋಕೆ ಬಾ ಗುರು," ಎಂದರು. ಅವರ ಬಾಯಲ್ಲಿ ಅದು ಕ್ಷಮೆ.

ಎರಡು ಫೈಲುಗಳನ್ನು ಒಂದು ಮಾಡಿದೆ. ಬೂದು ಪಟ್ಟಿ ಹೋಯಿತು, ಬೊಡ್ಡೆಯಿಂದ ಎರಡೂ ಕೊಂಬೆ ಒಡೆದವು. ಸೇವ್ ಒತ್ತಿದೆ. ಎಷ್ಟು ಸೇವ್ ಆಯಿತೆಂದು ತೋರಿಸುವ ಪಟ್ಟಿ ಇರುವೆಯಂತೆ ಹರಿಯುತ್ತಿರುವಾಗ ಮಳೆ ಬಂತು, ಕರೆಂಟು ಹೋಯಿತು, ಯುಪಿಎಸ್ ಕಿರುಚಿತು. ಶಂಕರಣ್ಣ ಹಾರಿ ಹೋಗಿ ಮೋಡೆಮ್ಮು, ಸ್ಪೀಕರು, ದೇವರ ಪಟದ ಪುಟ್ಟ ಬಲ್ಬು, ಎಲ್ಲದರ ಪ್ಲಗ್ ಕಿತ್ತರು. ಪರದೆಯನ್ನೂ ಆರಿಸಿದೆವು. ಕತ್ತಲಲ್ಲಿ ಕಂಪ್ಯೂಟರ್ ಡಬ್ಬದ ಗೊರಗೊರ ಕೇಳುತ್ತ ನಿಂತೆವು. ಕರೆಂಟು ಬಂದ ಮೇಲೆ ನೋಡಿದರೆ ಫೈಲು ಕೂತಿತ್ತು, ಒಂದೇ ಫೈಲು.

ಪ್ರೆಸ್ಸಿನಲ್ಲಿ ಬಟ್ಟೆ ಗೆರೆಗೆರೆಯಾಗಿ ಹೊರಬರುವುದನ್ನು ಗಂಗಣ್ಣ ನಿಂತೇ ನೋಡಿದರು. ಫೋಟೋ ಇಲ್ಲದ ಮುತ್ತಾತನ ಜಾಗದಲ್ಲಿ ದೀಪ, ಕೆಳಗೆ ಅವರವ್ವ, ಅವರಪ್ಪ, ಅಲ್ಲಿಂದ ಎಲ್ಲರೂ. ಅವರವ್ವನ ಮೂಗುತಿ ಕೂಡ ಕಾಣುತ್ತಿತ್ತು.

ಅಮಾವಾಸ್ಯೆಯ ಸಂಜೆ ನನ್ನನ್ನೂ ಶಂಕರಣ್ಣನನ್ನೂ ಕರೆದಿದ್ದರು. ಪಟ ಹಿಡಿಸುವಷ್ಟು ಉದ್ದದ ಗೋಡೆ ಆ ಮನೆಯಲ್ಲಿ ಇದ್ದದ್ದು ಒಂದೇ, ಅಣ್ಣತಮ್ಮಂದಿರ ನಡುವಿನ ಕಾಂಪೌಂಡು. ಅದರ ಮೇಲೆ ಬೊಂಬು ಕಟ್ಟಿ ಇಳಿಬಿಟ್ಟಿದ್ದರು. ಮುಂದೆ ಬಾಳೆಲೆ, ಅದರಲ್ಲಿ ಮುದ್ದೆ, ಮಾಂಸದ ಸಾರು, ವಡೆ, ಅಪ್ಪನಿಗೆಂದು ಒಂದು ಕಟ್ಟು ಬೀಡಿ, ಅವ್ವನಿಗೆಂದು ಎಲೆಅಡಿಕೆ. ಪಕ್ಕದಲ್ಲಿ ಹೊಸ ಪಂಚೆ, ಸೀರೆ. ಗಂಗಣ್ಣ ಕರ್ಪೂರ ಹಚ್ಚದೆ ಗೇಟನ್ನೇ ನೋಡುತ್ತಿದ್ದರು. ಗೋಡೆಯಾಚೆಯಿಂದಲೂ ಸಾರಿನ ಘಮ ಬರುತ್ತಿತ್ತು. ಅಲ್ಲಿಯೂ ಎಡೆಗೆ ಸಿದ್ಧವಾಗುತ್ತಿತ್ತು.

ಗೇಟು ಸದ್ದಾಯಿತು. ಮರಿಯಪ್ಪ ಒಬ್ಬರೇ ಬಂದರು. ಗೇಟಿನ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟು ಸ್ವಲ್ಪ ಹೊತ್ತು ನಿಂತರು. ಅಣ್ಣನ ಕಡೆ ನೋಡಲಿಲ್ಲ. ನೇರ ಪಟದ ಹತ್ತಿರ ಹೋಗಿ, ನಟ್ಟನಡುವೆ, ಎರಡು ಕೊಂಬೆಗಳ ನಡುವಿನ ಜಾಗದಲ್ಲಿ, ಮೇಲಿನಿಂದ ಕೆಳಕ್ಕೆ ಹೆಬ್ಬೆರಳಿಂದ ಒತ್ತಿ ಒತ್ತಿ ಸವರಿದರು. ಬಗ್ಗಿ, ಬಟ್ಟೆಯ ಅಂಚೆತ್ತಿ ಹಿಂದೆಯೂ ಕೈ ಹಾಕಿ ನೋಡಿದರು. ಮತ್ತೊಂದು ಸಲ ಮುಂದೆ ಸವರಿದರು.

"ಎಲ್ಲಿ ಸೇರ್ಸಿದೀಯಮ್ಮ?" ಎಂದರು ನನಗೆ.

"ಸೇರ್ಸಿಲ್ಲ. ಒಂದೇ."

ಅವರ ಕೈ ಅವ್ವನ ಮುಖದ ಮೇಲೆ ನಿಂತಿತು. ಹಾಗೆಯೇ ನಿಂತು, ಗೋಡೆಯಾಚೆಯ ಮನೆಯವರಿಗೆ ಕೇಳುವಂತೆ ಕೂಗಿದರು.

"ಏಯ್, ನಮ್ ಎಡೆನೂ ಇಲ್ಲಿಗೇ ತಗೊಂಡ್ ಬಾ."